‘ಕಿನ್ನಾಳ’ ಅನ್ನುವ ಟ್ಯಾಗ್ ಯಾರಿಗೆ? ಎಐ ಚಿತ್ರಕ್ಕೆ ಶೈಲಿಯ ಹೆಸರು ಹಾಕುವ ಬಗ್ಗೆ ಚರ್ಚೆ

ಗವಿಬೆಟ್ಟ — ನಿರ್ವಾಹಕಿ, ಕೊಪ್ಪಳ

ಎಲ್ಲರಿಗೂ ನಮಸ್ಕಾರ. ಕಳೆದ ವಾರದ ಗರುಡನ ಚಿತ್ರದ ಬಗ್ಗೆ ಮಾತಾಡಲೇಬೇಕು.

ನೋಡದವರಿಗೆ ಹೇಳುತ್ತೇನೆ. ಚಿತ್ರ ಹಂಚಿಕೊಳ್ಳುವ ನಮ್ಮ ಈ ಗುಂಪಿನಲ್ಲಿ ಒಬ್ಬರು ಎಐನಲ್ಲಿ ಮಾಡಿದ ಗರುಡನ ಚಿತ್ರ ಹಾಕಿದರು. ಮರದ ಗೊಂಬೆಯ ಹಾಗೆ ಇತ್ತು. ಕೆಂಪು, ಹಸಿರು, ಬಂಗಾರದ ಬಣ್ಣ. ಚಿತ್ರ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಟ್ಯಾಗ್ ‘ಕಿನ್ನಾಳ ಕಲೆ’ ಎಂದಿತ್ತು. ಕಿನ್ನಾಳದ ಚಿತ್ರಗಾರರು ಕೈಯಿಂದ ಮಾಡುವ ಬಣ್ಣದ ಮರದ ಗೊಂಬೆಗಳಿಗೆ ಇರುವ ಹೆಸರು ಅದು. ಎಐ ಅನ್ನುವ ಮಾತು ಎಲ್ಲೂ ಇರಲಿಲ್ಲ. ಕೆಳಗೆ ಬೆಂಗಳೂರಿನ ಒಬ್ಬರು ‘ಎಷ್ಟು ಎತ್ತರ ಇದೆ, ಬೆಲೆ ಎಷ್ಟು, ಕೊರಿಯರ್ ಮಾಡ್ತೀರಾ’ ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಮೂರು ದಿನ ಆ ಪ್ರಶ್ನೆ ಹಾಗೇ ಇತ್ತು. ನಾನು ನೋಡಿದ್ದು ನಾಲ್ಕನೇ ದಿನ. ಅಷ್ಟು ತಡ ಆಗಬಾರದಿತ್ತು.

ನಮ್ಮ ನಿಯಮದಲ್ಲಿ ಇರುವುದು ಒಂದೇ ಸಾಲು, ‘ಎಐ ಚಿತ್ರವಾದರೆ ತಿಳಿಸಿ’ ಅಂತ. ಯಾರ ಶೈಲಿಯಲ್ಲಿ ಮಾಡಿದಿರಿ, ಅವರ ಹೆಸರನ್ನು ಎಲ್ಲಿ ಬರೆಯಬೇಕು, ಬರೆಯಬೇಕೋ ಬೇಡವೋ, ಏನೂ ಇಲ್ಲ. ಕಿನ್ನಾಳ ನಮ್ಮ ತಾಲ್ಲೂಕಿನದೇ ಊರು. ಆ ಊರಿನ ಹೆಸರನ್ನು ಸುಮ್ನೆ ಎಲ್ಲಿ ಬೇಕಾದರೂ ಅಂಟಿಸಲು ನಾವೇ ಬಿಟ್ಟರೆ, ದೂರದವರು ಹೇಗೆ ಎಚ್ಚರದಿಂದ ಇರುತ್ತಾರೆ?

ಎಐ ಚಿತ್ರ ಬೇಡ ಅಂತ ನಾನು ಹೇಳುತ್ತಿಲ್ಲ. ನಾನೂ ಮಾಡುತ್ತೇನೆ. ಯಾವುದಕ್ಕೆ ಯಾವ ಟ್ಯಾಗ್, ಯಾವುದನ್ನು ತೆಗೆಯಬೇಕು, ಯಾವುದನ್ನು ಇಡಬೇಕು ಅನ್ನುವುದನ್ನು ಇಲ್ಲೇ ಮಾತಾಡಿ ತೀರ್ಮಾನ ಮಾಡೋಣ.

ಪೊಳಕಿ ಮರ — ಕಿನ್ನಾಳ

ಅಕ್ಕಾರೆ, ಈ ಮಾತು ತೆಗೆದದ್ದು ಒಳ್ಳೆಯದಾಯಿತು. ನಾನೇ ಬರೆಯೋಣ ಅಂತ ಎರಡು ಸಲ ಕೂತು, ಬೇಡ ಅಂತ ಎದ್ದಿದ್ದೆ.

ನಮ್ಮದು ಚಿತ್ರಗಾರರ ಮನೆ. ಅಪ್ಪ ಇನ್ನೂ ಕೆಲಸ ಮಾಡುತ್ತಾರೆ. ನಾನು ಅರ್ಧ ದಿನ ಅವರ ಜೊತೆ, ಅರ್ಧ ದಿನ ಕೊಪ್ಪಳದಲ್ಲಿ ಕಂಪ್ಯೂಟರ್ ಕೆಲಸ. ದೀಪಾವಳಿಗೆ ಮುಂಚೆ ಒಬ್ಬ ಗಿರಾಕಿ ಬಂದರು. ಫೋನ್ ತೆಗೆದು ಒಂದು ಚಿತ್ರ ತೋರಿಸಿ, ‘ಇದೇ ಬೇಕು, ಕಿನ್ನಾಳ ಗೊಂಬೆ ಅಂತಲೇ ಬರೆದಿದೆ’ ಎಂದರು. ಅಪ್ಪ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ಗರುಡನ ಬೆರಳುಗಳು ಕಡ್ಡಿಯ ಹಾಗೆ ತೆಳ್ಳಗೆ. ರೆಕ್ಕೆಯ ಒಂದೊಂದು ಗರಿಯೂ ಬಿಡಿಬಿಡಿಯಾಗಿ ಗಾಳಿಯಲ್ಲಿ ನಿಂತಿತ್ತು. ‘ಇದು ಮರ ಅಲ್ಲಪ್ಪ’ ಎಂದರು. ಗಿರಾಕಿಗೆ ಅದು ಬೇರೆ ರೀತಿ ಕೇಳಿಸಿತು. ‘ನಿಮ್ಮ ಕೈಯಲ್ಲಿ ಇಷ್ಟು ನಾಜೂಕು ಬರೋದಿಲ್ಲ ಅನ್ನಿ’ ಎಂದು ಹೇಳಿ ಹೋದರು. ಅಪ್ಪ ಆ ಮಧ್ಯಾಹ್ನ ಊಟಕ್ಕೆ ಏಳಲಿಲ್ಲ.

ಗೊಂಬೆ ಹೇಗೆ ಆಗುತ್ತದೆ ಅಂತ ಇಲ್ಲಿ ಎಷ್ಟು ಜನರಿಗೆ ಗೊತ್ತೋ ಇಲ್ಲವೋ, ಅದಕ್ಕೆ ಬರೆಯುತ್ತೇನೆ. ಗೊಂಬೆ ಮಾಡುವುದು ಪೊಳಕಿ ಮರದಲ್ಲಿ. ಅದು ತುಂಬಾ ಹಗುರ. ಇಡೀ ಗೊಂಬೆಯನ್ನು ಒಂದೇ ತುಂಡಿನಲ್ಲಿ ಕೆತ್ತುವುದಿಲ್ಲ. ಭಾಗಗಳನ್ನು ಬೇರೆ ಬೇರೆ ಮಾಡಿ ಕೂಡಿಸುತ್ತೇವೆ. ಗರುಡನಿಗೆ 12 ಭಾಗ, ಪೀಠದ ಮೇಲೆ ಕೂತ ಗಣಪತಿಗೆ 22. ಕೂಡಿಸಲು ಕಿಟ್ಟ ಬೇಕು. ಸೆಣಬಿನ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟು ಸೇರಿಸಿದರೆ ಕಿಟ್ಟ. ಆಮೇಲೆ ಅದೇ ಅಂಟಿನಿಂದ ಮೇಲೆ ಬಟ್ಟೆಯ ಚೂರು ಹಚ್ಚುತ್ತೇವೆ. ಅದರ ಮೇಲೆ ಕಲ್ಲಿನ ಪುಡಿಯ ಲೇಪ. ಬಣ್ಣ ಬರುವುದು ಎಲ್ಲ ಆದ ಮೇಲೆ.

ಒಡವೆ ನೋಡಿ. ನಮ್ಮ ಗೊಂಬೆಯ ಕೊರಳಿನ ಸರದ ಮೇಲೆ ಬೆರಳು ಆಡಿಸಿದರೆ ಉಬ್ಬು ಸಿಗುತ್ತದೆ. ಕಲ್ಲಿನ ಪುಡಿಗೆ ಅಂಟು ಕಲಸಿ ಅದನ್ನು ಉಬ್ಬಾಗಿ ಬರೆದಿರುತ್ತೇವೆ. ಎಐ ಚಿತ್ರಗಳಲ್ಲಿ ಒಡವೆ ಚಪ್ಪಟೆ ಬಣ್ಣ. ಇಲ್ಲದಿದ್ದರೆ ಬಂಗಾರದ ಅಂಗಡಿಯ ಜಾಹೀರಾತಿನ ಹಾಗೆ ಥಳಥಳ. ಆ ಗರುಡನ ಚಿತ್ರ ನೋಡಿದ ಕೂಡಲೇ ನನಗೆ ಗೊತ್ತಾಗಿದ್ದು ಅದರಿಂದಲೇ.

ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳು ನಮ್ಮ ಹಿರಿಯರ ಕೈಕೆಲಸ ಅಂತ ನಮ್ಮಲ್ಲಿ ಹೇಳುತ್ತಾರೆ. ಅಷ್ಟು ಹಿಂದಿನಿಂದ ಬಂದದ್ದು ಒಂದು ಟ್ಯಾಗ್‌ನಿಂದ ಹೋಗುತ್ತದೆ ಅಂತ ನಾನು ಹೇಳೋದಿಲ್ಲ. ಆದರೆ ಈಗ ಜನ ನಮ್ಮನ್ನು ಹುಡುಕುವುದು ಫೋನಿನಲ್ಲಿ. ಅಲ್ಲಿ ನಮ್ಮ ಊರಿನ ಹೆಸರು ಹೊಡೆದರೆ ಮೊದಲು ಬರುವುದು ಏನು? ನನಗೆ ಇರುವ ಚಿಂತೆ ಅದೊಂದೇ.

ಬಳ್ಳಾರಿ ಫ್ಲೆಕ್ಸ್ — ಬಳ್ಳಾರಿ

ತಮ್ಮಾ, ಓದಿ ಮನಸ್ಸಿಗೆ ಕಸಿವಿಸಿ ಆಯಿತು. ಅಪ್ಪಾಜಿಗೆ ನನ್ನ ನಮಸ್ಕಾರ ಹೇಳು.

ತುಂಗಭದ್ರೆ ಪಿಕ್ಸೆಲ್ — ಗಂಗಾವತಿ

ನಾನು ಒಂದು ವಿಷಯ ಹೇಳಬೇಕು. ಆ ಗರುಡನ ಚಿತ್ರ ಮಾಡಿದ್ದು ನಾನಲ್ಲ. ಆದರೆ ಅದು ನನ್ನ ಲೋರಾದಿಂದ ಬಂದದ್ದು.

ಗೊತ್ತಿಲ್ಲದವರಿಗೆ: ಚಿತ್ರ ಮಾಡುವ ಸ್ಟೇಬಲ್ ಡಿಫ್ಯೂಷನ್‌ನಂಥ ದೊಡ್ಡ ಎಐ ಮಾಡೆಲ್ ಮೊದಲೇ ಕೋಟಿಗಟ್ಟಲೆ ಚಿತ್ರ ನೋಡಿ ಕಲಿತಿರುತ್ತದೆ. ಅದಕ್ಕೆ ಒಂದು ಹೊಸ ಶೈಲಿ ಕಲಿಸಬೇಕಾದರೆ ಇಡೀ ಮಾಡೆಲ್ ತಿದ್ದುವುದು ಬೇಡ. ಮೇಲೆ ಒಂದು ಚಿಕ್ಕ ಫೈಲ್ ಜೋಡಿಸಿದರೆ ಸಾಕು. ಅದೇ ಲೋರಾ. ಮೂವತ್ತು ನಲವತ್ತು ಚಿತ್ರಗಳು, ಕಂಪ್ಯೂಟರಿನಲ್ಲಿ ಒಂದು ಸಾಧಾರಣ ಗೇಮಿಂಗ್ ಕಾರ್ಡ್, ಕೆಲವು ಗಂಟೆ ಇದ್ದರೆ ಆಗಿಹೋಗುತ್ತದೆ. ನಾನು ಪ್ರದರ್ಶನಗಳಲ್ಲಿ ಗೊಂಬೆಗಳ 40 ಫೋಟೋ ತೆಗೆದಿದ್ದೆ. ಅದರಿಂದ ಒಂದು ಲೋರಾ ಮಾಡಿ ಹಂಚಿದೆ. ನಮ್ಮ ಭಾಗದ ಕಲೆ ಎಐನಲ್ಲೂ ಬರಲಿ ಅನ್ನುವ ಹೆಮ್ಮೆಯಿಂದ ಮಾಡಿದ್ದು. ಯಾವ ಮಾಡೆಲ್‌ಗೆ ಕೇಳಿದರೂ ರಾಜಸ್ಥಾನದ ಗೊಂಬೆ, ಇಲ್ಲವೇ ಏನೋ ಪ್ಲಾಸ್ಟಿಕ್ ಬರುತ್ತಿತ್ತು. ಅದು ನನಗೆ ಸೇರುತ್ತಿರಲಿಲ್ಲ.

ಲೋರಾವನ್ನು ಕರೆಯಲು ಪ್ರಾಂಪ್ಟ್‌ನಲ್ಲಿ, ಅಂದರೆ ಎಂಥ ಚಿತ್ರ ಬೇಕು ಅಂತ ಎಐಗೆ ಬರೆದುಕೊಡುವ ಮಾತಿನಲ್ಲಿ, ಒಂದು ಪದ ಹಾಕಬೇಕು. ಆ ಪದವನ್ನು ನಾನು ‘ಕಿನ್ನಾಳ’ ಎಂದೇ ಇಟ್ಟಿದ್ದೆ. ಈಗ ಯಾರು ಏನು ಮಾಡಿದರೂ ಆ ಹೆಸರು ಪ್ರಾಂಪ್ಟ್‌ನಲ್ಲಿರುತ್ತದೆ. ಅಲ್ಲಿಂದ ಫೈಲಿನ ಹೆಸರಿಗೆ, ಅಲ್ಲಿಂದ ಟ್ಯಾಗ್‌ಗೆ ಬರುತ್ತದೆ. ಹಾಕಿದವರು ಮೋಸ ಮಾಡಬೇಕು ಅಂತ ಮಾಡಿರಲಿಕ್ಕಿಲ್ಲ. ದಾರಿ ಹಾಕಿಕೊಟ್ಟದ್ದು ನಾನು.

ಪೊಳಕಿ ಅಣ್ಣಾ, ನಿಮ್ಮ ಮನೆಯ ಗೊಂಬೆಯ ಫೋಟೋನೂ ಅದರಲ್ಲಿ ಇರಬಹುದು. ನಾನು ಯಾರನ್ನೂ ಕೇಳಲಿಲ್ಲ. ಕ್ಷಮೆ ಇರಲಿ. ಅದನ್ನು ಇವತ್ತೇ ತೆಗೆಯಲೋ, ಪದ ಬದಲಿಸಿ ಇಡಲೋ, ನೀವು ಹೇಳಿದ ಹಾಗೆ ಮಾಡುತ್ತೇನೆ. ಆದರೆ ಒಂದು ಸಂಶಯ ನನಗೆ ಹೋಗಿಲ್ಲ. ಇದು ಒಬ್ಬರ ಶೈಲಿ ಅಲ್ಲ, ತಲೆತಲಾಂತರದ್ದು. ನಮ್ಮ ಅಜ್ಜಿಯ ಗೌರಿ ಗೊಂಬೆಯೂ ಕಿನ್ನಾಳದ್ದೇ. ನಾವು ಬೆಳೆದದ್ದು ಅದನ್ನು ನೋಡಿಕೊಂಡೇ. ಅಂಥದ್ದನ್ನು ನಮ್ಮ ಹೊಸ ಚಿತ್ರದಲ್ಲಿ ತರಬಾರದು ಅಂದರೆ ಅದೂ ಸರಿಯಲ್ಲ ಅನಿಸುತ್ತದೆ.

ಕಪ್ಪು ಕೋಟು — ರಾಯಚೂರು

ಕಾನೂನಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಎರಡು ಬೇರೆ ವಿಷಯಗಳು ಕಲಸಿಕೊಂಡಿವೆ.

ಒಂದು, ಕೃತಿಸ್ವಾಮ್ಯ. ನಮ್ಮ 1957ರ ಕಾಯ್ದೆ ಕಾಯುವುದು ಮಾಡಿದ ಕೃತಿಯನ್ನು. ಶೈಲಿಯನ್ನು ಅಲ್ಲ. ವಿಚಾರಕ್ಕೆ, ವಸ್ತುವಿಗೆ ಕೃತಿಸ್ವಾಮ್ಯ ಇಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಇದೆ ಅಂತ ಸುಪ್ರೀಂ ಕೋರ್ಟ್ 1978ರಲ್ಲೇ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ‘ಕಿನ್ನಾಳದ ಹಾಗೆ ಬರೆದರು’ ಅಂತ ಕೇಸು ನಿಲ್ಲೋದಿಲ್ಲ. ಆದರೆ ಪೊಳಕಿಯವರ ತಂದೆ ಮಾಡಿದ ಒಂದು ನಿರ್ದಿಷ್ಟ ಗೊಂಬೆಯನ್ನು, ಅದೇ ಭಂಗಿ, ಅದೇ ಅಲಂಕಾರ, ಅದೇ ಬಣ್ಣದಲ್ಲಿ ತಂದರೆ ಅದು ಶೈಲಿಯ ಮಾತಲ್ಲ, ನಕಲಿನ ಮಾತು. ಕರಕುಶಲ ಕೃತಿಯೂ ಆ ಕಾಯ್ದೆಯಲ್ಲಿ ಕಲಾಕೃತಿಯೇ. ಅಂಥ ಚಿತ್ರ ನಮ್ಮಲ್ಲಿ ಬಂದರೆ ಟ್ಯಾಗ್ ಚರ್ಚೆ ಬೇಡ, ತೆಗೆಯಬೇಕು.

ಇನ್ನೊಂದು, ಭೌಗೋಳಿಕ ಗುರುತು. ಜಿಐ ಅಂತ ಎಲ್ಲರೂ ಹೇಳುವುದು. ಕಿನ್ನಾಳ ಗೊಂಬೆಗೆ ಅದು ಇದೆ. ಸಂಡೂರಿನ ಲಂಬಾಣಿ ಕಸೂತಿಗೂ ಇದೆ. 1999ರ ಕಾಯ್ದೆ, ಜಾರಿಗೆ ಬಂದದ್ದು 2003ರಲ್ಲಿ, ನೋಂದಣಿ ಕಚೇರಿ ಚೆನ್ನೈನಲ್ಲಿ. ಅದು ಕಾಯುವುದು ಹೆಸರನ್ನು. ಎಲ್ಲೋ ಅಚ್ಚಿನಲ್ಲಿ ತೆಗೆದ ಪ್ಲಾಸ್ಟಿಕ್ ಗೊಂಬೆಗೆ ‘ಕಿನ್ನಾಳ’ ಅಂತ ಬರೆದು ಮಾರಿದರೆ, ಕೊಳ್ಳುವವರು ಆ ಊರಿನದೇ ಅಂದುಕೊಂಡರೆ, ಅಲ್ಲಿ ಆ ಕಾಯ್ದೆ ಕೆಲಸಕ್ಕೆ ಬರುತ್ತದೆ. ಗುಂಪಿನಲ್ಲಿ ಹಾಕಿದ ಒಂದು ಚಿತ್ರಕ್ಕೆ ಅದನ್ನು ಎಳೆದು ತರುವುದು ಕಷ್ಟ. ಆದರೆ ಆ ಕಾಯ್ದೆಯ ಒಳಗಿನ ತರ್ಕವನ್ನು ನಾವು ತೆಗೆದುಕೊಳ್ಳಬಹುದು. ಊರಿನ ಹೆಸರು ಊರಿನ ಕೆಲಸಕ್ಕೆ. ನೋಡಿ ಕಲಿತು ಬೇರೆ ಕಡೆ ಮಾಡಿದ್ದಕ್ಕೆ ಬೇರೆ ಹೆಸರು.

ಪಿಕ್ಸೆಲ್ ತಮ್ಮನ ಸಂಶಯಕ್ಕೂ ಇದರಲ್ಲೇ ಉತ್ತರ ಇದೆ ಅನಿಸುತ್ತದೆ. ಚಿತ್ರ ಮಾಡಬೇಡ ಅಂತ ಯಾರೂ ಹೇಳುತ್ತಿಲ್ಲ. ಹೆಸರು ಯಾವುದು ಅನ್ನುವುದಷ್ಟೇ.

ಗವಿಬೆಟ್ಟ — ನಿರ್ವಾಹಕಿ

ಸರ್, ತುಂಬಾ ಉಪಕಾರ ಆಯಿತು. ಹಾಗಾದರೆ ತೀರಿಹೋದ ಚಿತ್ರಕಾರರ ಬಗ್ಗೆ? ನಮ್ಮಲ್ಲಿ ರವಿವರ್ಮರ ಹಾಗೆ ಮಾಡುವವರು ಜಾಸ್ತಿ. ಈಚೆಗೆ ಹೆಬ್ಬಾರರ ರೇಖೆಯ ಹಾಗೆ ಮಾಡಿದ್ದೂ ಬಂದಿದೆ.

ಕಪ್ಪು ಕೋಟು — ರಾಯಚೂರು

ನಮ್ಮಲ್ಲಿ ಕೃತಿಸ್ವಾಮ್ಯ ಕಲಾವಿದರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಆದ್ದರಿಂದ ಅವರ ಚಿತ್ರಗಳು ಈಗ ಎಲ್ಲರವು. ಕೆ. ಕೆ. ಹೆಬ್ಬಾರ್ ತೀರಿಕೊಂಡದ್ದು 1996ರಲ್ಲಿ. ಅವರ ಚಿತ್ರಗಳಿಗೆ 2056ರ ಕೊನೆಯವರೆಗೂ ಹಕ್ಕು ಇದೆ. ಮತ್ತೆ ಹೇಳುತ್ತೇನೆ, ಹಕ್ಕು ಇರುವುದು ಚಿತ್ರಗಳಿಗೆ. ರೇಖೆ ಎಳೆಯುವ ರೀತಿಗೆ ಅಲ್ಲ. ಆದರೆ ಆ ಚಿತ್ರಗಳನ್ನೇ ತೆಗೆದುಕೊಂಡು ಲೋರಾ ಮಾಡುವುದು ಬೇರೆ ಪ್ರಶ್ನೆ. ಅಮೆರಿಕದಲ್ಲಿ ಚಿತ್ರಕಾರರು 2023ರ ಜನವರಿಯಲ್ಲಿ ಎಐ ಕಂಪನಿಗಳ ಮೇಲೆ ಹಾಕಿದ ಕೇಸಿನಲ್ಲಿ ಇದೇ ವಾದ ಇದೆ. 2024ರ ಆಗಸ್ಟ್‌ನಲ್ಲಿ ನ್ಯಾಯಾಧೀಶರು ಕೃತಿಸ್ವಾಮ್ಯದ ದೂರು ಮುಂದುವರಿಯಲಿ ಅಂದರು. ನಾವು ಕೋರ್ಟಿಗಾಗಿ ಕಾಯುತ್ತಾ ಕೂರಬೇಕಾಗಿಲ್ಲ. ಗುಂಪಿನ ನಿಯಮ ಕಾನೂನಿಗಿಂತ ಒಂದು ಹೆಜ್ಜೆ ಬಿಗಿಯಾಗಿ ಇರಬಹುದು.

ಗೆರೆ ಮತ್ತು ಬಣ್ಣ — ಲಿಂಗಸುಗೂರು

ನಾನು ಚಿತ್ರಕಲೆ ಮಾಸ್ತರ. ಜೀವಂತ ಇರುವ ಕಲಾವಿದರ ಹೆಸರನ್ನು ಟ್ಯಾಗ್‌ನಲ್ಲಿ ಹಾಕಲೇಬಾರದು ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಪೋಲೆಂಡ್‌ನಲ್ಲಿ ಗ್ರೆಗ್ ರುಟ್ಕೋವ್‌ಸ್ಕಿ ಅಂತ ಒಬ್ಬ ಚಿತ್ರಕಾರ ಇದ್ದಾರೆ. ಡ್ರ್ಯಾಗನ್, ಯುದ್ಧ, ಮಂಜು ತುಂಬಿದ ಕೋಟೆ, ಇಂಥವನ್ನು ಬಹಳ ಸೊಗಸಾಗಿ ಬರೆಯುತ್ತಾರೆ. 2022ರ ಆಗಸ್ಟ್‌ನಲ್ಲಿ ಸ್ಟೇಬಲ್ ಡಿಫ್ಯೂಷನ್ ಹೊರಬಂತು. ಜನ ಪ್ರಾಂಪ್ಟ್‌ನ ಕೊನೆಯಲ್ಲಿ ಅವರ ಹೆಸರು ಸೇರಿಸಲು ಶುರು ಮಾಡಿದರು. ಹಾಗೆ ಸೇರಿಸಿದರೆ ಚಿತ್ರ ಚೆನ್ನಾಗಿ ಬರುತ್ತಿತ್ತು. ಕೆಲವೇ ವಾರಗಳಲ್ಲಿ ಅವರ ಹೆಸರು ಸುಮಾರು 93 ಸಾವಿರ ಪ್ರಾಂಪ್ಟ್‌ಗಳಲ್ಲಿ ಬಂತು ಅಂತ ವರದಿ ಆಯಿತು. ಅವರು ತಮ್ಮ ಹೆಸರನ್ನೇ ಹುಡುಕಿದರೆ ತಾವು ಬರೆಯದ ಚಿತ್ರಗಳು ಸಿಕ್ಕವು. ಪೊಳಕಿಯವರ ಚಿಂತೆ ಏನಿದೆಯೋ ಅದೇ. ಊರು ಬೇರೆ, ಅಷ್ಟೇ.

ಮಕ್ಕಳಿಗೆ ನಾನು ಬೇರೆಯವರ ಚಿತ್ರ ನೋಡಿ ಬರೆಯಲು ಹೇಳುತ್ತೇನೆ. ಕಲಿಯುವುದೇ ಹಾಗೆ. ಕೆಳಗೆ ‘ಇವರ ಚಿತ್ರ ನೋಡಿ ಬರೆದದ್ದು’ ಅಂತ ಬರೆಸುತ್ತೇನೆ. ಆದರೆ ಒಬ್ಬ ಹುಡುಗ ಒಂದು ಚಿತ್ರ ನಕಲು ಮಾಡಲು ಎರಡು ದಿನ ತೆಗೆದುಕೊಳ್ಳುತ್ತಾನೆ. ಮೆಷಿನ್ ಒಂದು ರಾತ್ರಿಯಲ್ಲಿ ಸಾವಿರ ಮಾಡುತ್ತದೆ. ಅಷ್ಟು ಬಂದರೆ ಕಲಾವಿದರ ಹೆಸರೇ ಅವುಗಳ ಅಡಿಯಲ್ಲಿ ಹೂತುಹೋಗುತ್ತದೆ.

ತುಂಗಭದ್ರೆ ಪಿಕ್ಸೆಲ್ — ಗಂಗಾವತಿ

ಮಾಸ್ತರರೇ, ಕಥೆ ಅಲ್ಲಿಗೇ ನಿಲ್ಲಲಿಲ್ಲ. 2022ರ ನವೆಂಬರ್‌ನಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ಅವರ ಹೆಸರು ಮೊದಲಿನ ಹಾಗೆ ಕೆಲಸ ಮಾಡಲಿಲ್ಲ. ಆಗ ಯಾರೋ ಅವರ ಶೈಲಿಗೇ ಒಂದು ಲೋರಾ ಮಾಡಿ ಹಂಚಿದರು. ಹೆಸರು ತೆಗೆದರೆ ಮುಗಿಯಿತು ಅಂತ ಆಗೋದಿಲ್ಲ.

ಇನ್ನೊಂದು. ಹೆಸರು ಬರೆಯಲೇಬಾರದು ಅಂದರೆ ಯಾರು ಒಳ್ಳೆಯವರೋ ಅವರ ಬಾಯಿ ಕಟ್ಟಿದ ಹಾಗೆ. ‘ಇಂಥವರ ಶೈಲಿ ನೋಡಿ ಮಾಡಿದೆ’ ಅಂತ ಪ್ರಾಮಾಣಿಕವಾಗಿ ಹೇಳುವವರು ಸುಮ್ಮನಾಗುತ್ತಾರೆ. ಹೇಳದವರು ಹಾಗೂ ಹೇಳೋದಿಲ್ಲ. ಕೊನೆಗೆ ಎಲ್ಲ ಚಿತ್ರಗಳೂ ತಮ್ಮದೇ ಅನ್ನುವ ಹಾಗೆ ನಿಲ್ಲುತ್ತವೆ. ಆ ಕಲಾವಿದರಿಗೆ ದೂರು ಕೊಡಬೇಕು ಅನಿಸಿದರೂ ಹುಡುಕುವುದು ಹೇಗೆ?

ಗೆರೆ ಮತ್ತು ಬಣ್ಣ — ಲಿಂಗಸುಗೂರು

ಈ ಮಾತು ನಾನು ಯೋಚಿಸಿರಲಿಲ್ಲ. ಒಪ್ಪುತ್ತೇನೆ. ಆದರೂ ಹೆಸರು ಟ್ಯಾಗ್‌ನಲ್ಲಿ ಬೇಡ.

ಗವಿಬೆಟ್ಟ — ನಿರ್ವಾಹಕಿ

ಇಬ್ಬರ ಮಾತೂ ಕೂಡಿಸಬಹುದು. ಹೆಸರು ಎರಡು ಜಾಗದಲ್ಲಿ ಬರುತ್ತದೆ ಅಲ್ವಾ? ಟ್ಯಾಗ್ ಅನ್ನುವುದು ಹುಡುಕಲು. ವಿವರ ಅನ್ನುವುದು ಓದಲು. ಕೃತಿ ಮಾಡಿದವರ ಹೆಸರು ಮಾತ್ರ ಹುಡುಕುವ ಜಾಗದಲ್ಲಿ ಇರಲಿ. ಯಾರನ್ನು ನೋಡಿ ಮಾಡಿದ್ದು ಅನ್ನುವುದು ಚಿತ್ರದ ಕೆಳಗೆ ವಿವರದಲ್ಲಿ ಇರಲಿ. ನಮ್ಮ ಗುಂಪಿನ ಹುಡುಕಾಟ ವಿವರದ ಒಳಗೆ ಹೋಗುವುದಿಲ್ಲ, ಟ್ಯಾಗ್ ಮಾತ್ರ ನೋಡುತ್ತದೆ. ಕಲಾವಿದರು ದೂರು ಕೊಡಬೇಕು ಅಂದರೆ ನಿರ್ವಾಹಕರು ವಿವರದಲ್ಲೂ ಹುಡುಕಿಕೊಡಬಹುದು.

ಇದು ಹೊಸದೇನಲ್ಲ. ಡ್ಯಾನ್‌ಬೂರು ಅನ್ನುವ ಚಿತ್ರಗಳ ತಾಣದಲ್ಲಿ ಕಲಾವಿದರ ಟ್ಯಾಗ್ ಬರೆದವರಿಗೆ ಮಾತ್ರ. ಬೇರೆಯವರ ಶೈಲಿಯಲ್ಲಿ ಬರೆದದ್ದಕ್ಕೆ ಪ್ರತ್ಯೇಕ ಟ್ಯಾಗ್ ಇದೆ. ಜಪಾನಿನ ಚಿತ್ರಗಳ ತಾಣ ಪಿಕ್ಸಿವ್ 2022ರ ಅಕ್ಟೋಬರ್‌ನಲ್ಲೇ ಎಐ ಚಿತ್ರಗಳಿಗೆ ಬೇರೆ ಗುರುತು ತಂದಿತು. ಬೇಡ ಅನ್ನುವವರು ಅವು ಕಾಣದ ಹಾಗೆ ಮಾಡಿಕೊಳ್ಳಬಹುದು.

ಬಳ್ಳಾರಿ ಫ್ಲೆಕ್ಸ್ — ಬಳ್ಳಾರಿ

ಅಕ್ಕಾ, ನೀವು ಹೇಳುವುದೆಲ್ಲ ಗುಂಪಿನ ಒಳಗೆ ಸರಿ. ನನ್ನ ಅಂಗಡಿಗೆ ಬರುವಾಗ ಟ್ಯಾಗೂ ಇರೋದಿಲ್ಲ, ವಿವರವೂ ಇರೋದಿಲ್ಲ.

ಗಿರಾಕಿ ವಾಟ್ಸಾಪ್‌ನಲ್ಲಿ ಚಿತ್ರ ಕಳಿಸುತ್ತಾರೆ. ಜಾತ್ರೆಗೆ ಬ್ಯಾನರ್, ಗೃಹಪ್ರವೇಶಕ್ಕೆ ಬ್ಯಾನರ್. 2025ರ ಮಾರ್ಚ್‌ನಲ್ಲಿ ಫೋಟೋವನ್ನು ಜಪಾನಿನ ಘಿಬ್ಲಿ ಸ್ಟುಡಿಯೋದ ಕಾರ್ಟೂನಿನ ಹಾಗೆ ಎಐನಲ್ಲಿ ಮಾಡಿಸುವ ಗಾಳಿ ಬಂದಾಗ ಮದುವೆ ಫೋಟೋನೂ ಹಾಗೇ ಮಾಡಿಸಿಕೊಂಡು ಬಂದರು. ಆಗ ಅದನ್ನು ಮಾಡಿಕೊಡುತ್ತಿದ್ದ ಓಪನ್‌ಎಐ ಕಂಪನಿ ಹೇಳಿದ್ದು ನನಗೆ ನೆನಪಿದೆ. ಬದುಕಿರುವ ಒಬ್ಬ ಕಲಾವಿದರ ಶೈಲಿ ಕೇಳಿದರೆ ಕೊಡೋದಿಲ್ಲ, ಸ್ಟುಡಿಯೋ ಶೈಲಿ ಆದರೆ ಕೊಡುತ್ತೇವೆ ಅಂತ. ಸ್ಟುಡಿಯೋದಲ್ಲಿ ಕೂತು ಬರೆಯುವವರೂ ಬದುಕಿರುವ ಮನುಷ್ಯರೇ ಅಲ್ವಾ? ಕಿನ್ನಾಳವೂ ಹಾಗೇ. ಅದು ಒಬ್ಬರದಲ್ಲ ಅಂತ ಹೇಳಿ ಯಾರದ್ದೂ ಅಲ್ಲ ಅಂತ ಮಾಡಬಾರದು.

ಕೆಲಸದ ಮಾತು ಹೇಳುತ್ತೇನೆ. ಸ್ಟೇಬಲ್ ಡಿಫ್ಯೂಷನ್‌ನಲ್ಲಿ ಮಾಡಿದ ಪಿಎನ್‌ಜಿ ಫೈಲಿನ ಒಳಗೆ ಸಾಮಾನ್ಯವಾಗಿ ಪ್ರಾಂಪ್ಟ್, ಲೋರಾದ ಹೆಸರು ಎಲ್ಲ ಬರೆದಿರುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಚಿಕ್ಕದಾಗಿ ಜೆಪೆಗ್ ಆಗುತ್ತದೆ, ಒಳಗಿನದ್ದೆಲ್ಲ ಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಉಳಿಯುತ್ತದೆ. ಆದ್ದರಿಂದ ಗುರುತು ಚಿತ್ರದ ಮೇಲೇ ಇರಲಿ. ಕೆಳಗಿನ ಮೂಲೆಯಲ್ಲಿ ‘ಎಐ ಚಿತ್ರ’ ಅಂತ ಚಿಕ್ಕದಾಗಿ, ಓದಲು ಬರುವ ಹಾಗೆ. ಕೆಲವರು ಕತ್ತರಿಸಿಕೊಂಡು ಬರುತ್ತಾರೆ, ಗೊತ್ತು. ಆದರೂ ಹತ್ತರಲ್ಲಿ ಕೆಲವಾದರೂ ಉಳಿದು ಬಂದರೆ ನಾನು ಗಿರಾಕಿಗೆ ಹೇಳಬಹುದು, ‘ಸರ್, ಇದು ಕಿನ್ನಾಳದ್ದಲ್ಲ, ನಿಜವಾದ್ದು ಬೇಕಾದರೆ ಊರಿಗೇ ಹೋಗಿ ಫೋಟೋ ತೆಗೆದುಕೊಂಡು ಬನ್ನಿ’ ಅಂತ.

ಬಿಡಿ ಗೆರೆ — ಸಿಂಧನೂರು

ನಾನು ಇಲ್ಲಿ ಜಾಸ್ತಿ ಬರೆಯೋದಿಲ್ಲ. ಆದರೆ ಈ ವಿಷಯದಲ್ಲಿ ನನಗೂ ಹೇಳುವುದಿದೆ.

ತೊಗಲುಗೊಂಬೆ ಆಡಿಸುವ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅಜ್ಜಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಾನು ಮೊದಲ ಸಲ ತೊಗಲುಗೊಂಬೆಯನ್ನು ಸರಿಯಾಗಿ ನೋಡಲು ಶುರು ಮಾಡಿದ್ದು. ನಮ್ಮ ಪಕ್ಕದ ಜಿಲ್ಲೆಯ ಕಲೆ, ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಟ್ಯಾಬ್‌ನಲ್ಲಿ ಬರೆಯುತ್ತಾ ಕಲಿತೆ. ಪೆನ್ನಿನಿಂದ, ಕೈಯಿಂದ. ಒಂದು ಸೀತೆಯ ಚಿತ್ರ ಮುಗಿಸಲು ಹನ್ನೊಂದು ದಿನ ಆಯಿತು. ತೊಗಲಿನಲ್ಲಿ ಚಿಕ್ಕ ಚಿಕ್ಕ ತೂತು ಕೊರೆದಿರುತ್ತಾರೆ. ಹಿಂದಿನಿಂದ ಬೆಳಕು ಬಿದ್ದಾಗ ಸೀರೆ, ಒಡವೆ ಎಲ್ಲ ಆ ತೂತುಗಳಲ್ಲಿ ಹೊಳೆಯುತ್ತವೆ. ಆ ತೂತುಗಳನ್ನು ಒಂದೊಂದಾಗಿ ಹಾಕಿದ್ದೆ.

ಇಲ್ಲಿ ಹಾಕಿದೆ. ಎರಡು ಗಂಟೆಯಲ್ಲಿ ಕೆಳಗೆ ‘ಎಐ’, ‘ಪಕ್ಕಾ ಎಐ’, ‘ಟ್ಯಾಗ್ ಎಲ್ಲಿ’ ಅಂತ ಬಂತು. ಒಬ್ಬರು ಯಾವುದೋ ಪತ್ತೆ ಹಚ್ಚುವ ಸಾಫ್ಟ್‌ವೇರ್‌ಗೆ ಹಾಕಿ, ಅದು ಎಐ ಅಂತ ಹೇಳುತ್ತಿದೆ ಎಂದು ಸ್ಕ್ರೀನ್‌ಶಾಟ್ ಹಾಕಿದರು. ನಾನು ಅಳಿಸಿಬಿಟ್ಟೆ. ಮತ್ತೆ ಏನೂ ಹಾಕಿಲ್ಲ.

ಟ್ಯಾಗ್ ನಿಯಮ ಮಾಡಿ. ನನಗೂ ಬೇಕು. ಆದರೆ ಟ್ಯಾಗ್ ಯಾರು ಹಚ್ಚಬೇಕು, ಯಾರು ಸಂಶಯ ಪಡಬಹುದು, ಎಲ್ಲಿ ಕೇಳಬೇಕು ಅನ್ನುವುದನ್ನೂ ಬರೆಯಿರಿ.

ಗವಿಬೆಟ್ಟ — ನಿರ್ವಾಹಕಿ

ತಂಗೀ, ಆ ಸೀತೆ ನನಗೆ ನೆನಪಿದೆ. ಬೆಳಿಗ್ಗೆ ನೋಡಿ, ಸಂಜೆ ಮತ್ತೆ ನೋಡೋಣ ಅಂತ ಬಂದರೆ ಇರಲಿಲ್ಲ. ನೀನೇ ಯಾಕೋ ತೆಗೆದೆ ಅಂದುಕೊಂಡೆ. ಹೀಗೆ ಆಗಿತ್ತು ಅಂತ ಗೊತ್ತಾಗಲಿಲ್ಲ. ತುಂಬಾ ಬೇಜಾರಾಯಿತು.

ಇವತ್ತಿನಿಂದಲೇ ಒಂದು ನಿಯಮ ಹಾಕುತ್ತೇನೆ, ಚರ್ಚೆ ಮುಗಿಯುವವರೆಗೆ ಕಾಯೋದಿಲ್ಲ. ಯಾರದಾದರೂ ಚಿತ್ರದ ಮೇಲೆ ಸಂಶಯ ಬಂದರೆ ಅಲ್ಲಿ ಕೆಳಗೆ ಬರೆಯುವಂತಿಲ್ಲ. ನಮಗೆ ಖಾಸಗಿಯಾಗಿ ತಿಳಿಸಬೇಕು. ನಾವು ಚಿತ್ರ ಹಾಕಿದವರನ್ನು ಖಾಸಗಿಯಾಗಿಯೇ ಕೇಳುತ್ತೇವೆ. ಲೇಯರ್ ಇರುವ ಫೈಲು, ಅರ್ಧ ಆದಾಗಿನ ಫೋಟೋ, ಪೆನ್ಸಿಲ್ ಕರಡು, ಯಾವುದಾದರೂ ಒಂದು ಸಾಕು. ಅಲ್ಲಿಯವರೆಗೆ ಚಿತ್ರ ಇದ್ದ ಹಾಗೇ ಇರುತ್ತದೆ. ಪತ್ತೆ ಹಚ್ಚುವ ಸಾಫ್ಟ್‌ವೇರಿನ ಉತ್ತರವನ್ನು ಸಾಕ್ಷಿ ಅಂತ ತೆಗೆದುಕೊಳ್ಳೋದಿಲ್ಲ. ಅವು ಕೈಯಿಂದ ಬರೆದದ್ದನ್ನೂ ಎಐ ಅನ್ನುತ್ತವೆ, ಎಐ ಚಿತ್ರವನ್ನೂ ಬಿಟ್ಟುಬಿಡುತ್ತವೆ. ಒಬ್ಬರ ಹನ್ನೊಂದು ದಿನದ ಕೆಲಸವನ್ನು ಅದರ ಮೇಲೆ ತೀರ್ಮಾನ ಮಾಡುವುದು ಬೇಡ.

ಗೆರೆ ಮತ್ತು ಬಣ್ಣ — ಲಿಂಗಸುಗೂರು

‘ಪಕ್ಕಾ ಎಐ’ ಅಂತ ಬರೆದವರಲ್ಲಿ ನಾನೂ ಒಬ್ಬ. ಗೊಂಬೆಯ ಮುಖ ಪಕ್ಕದಿಂದ ಕಾಣುವ ರೀತಿ, ದೊಡ್ಡ ಕಣ್ಣು, ಎಲ್ಲ ಅಷ್ಟು ಸರಿಯಾಗಿ ಇದ್ದದ್ದೇ ನನಗೆ ಸಂಶಯ ತಂದಿತು. ಮಾಸ್ತರ ಆಗಿ ಹಾಗೆ ಬರೆಯಬಾರದಿತ್ತು. ಸರಿಯಾಗಿ ಬರೆದದ್ದಕ್ಕೆ ಮಕ್ಕಳನ್ನು ಬೈದ ಹಾಗೆ ಆಯಿತು. ತಾಯಿ, ತಪ್ಪಾಯಿತು. ಆ ಚಿತ್ರ ಮತ್ತೆ ಹಾಕು.

ಬಿಡಿ ಗೆರೆ — ಸಿಂಧನೂರು

ಹಾಕುತ್ತೇನೆ ಸರ್. ಪರೀಕ್ಷೆ ಮುಗಿಯಲಿ.

ತುಂಗಭದ್ರೆ ಪಿಕ್ಸೆಲ್ — ಗಂಗಾವತಿ

ಗ್ಲೇಜ್ ಅನ್ನುವ ಸಾಫ್ಟ್‌ವೇರ್ ಬಗ್ಗೆ ಯಾರೂ ಹೇಳಲಿಲ್ಲ. ಶಿಕಾಗೊ ವಿಶ್ವವಿದ್ಯಾಲಯದವರು 2023ರಲ್ಲಿ ತಂದದ್ದು. ಚಿತ್ರದಲ್ಲಿ ಕಣ್ಣಿಗೆ ಅಷ್ಟಾಗಿ ಕಾಣದ ಬದಲಾವಣೆ ಮಾಡುತ್ತದೆ. ಮೆಷಿನ್ ಅದನ್ನು ನೋಡಿ ಶೈಲಿ ಕಲಿಯಲು ಹೋದರೆ ತಪ್ಪು ಕಲಿಯುತ್ತದೆ. ಸಿಂಧನೂರಿನ ತಂಗಿಯಂಥವರು, ತಮ್ಮ ಚಿತ್ರವನ್ನು ತಾವೇ ಹಾಕುವವರು ಅದನ್ನು ಬಳಸಿ ನೋಡಬಹುದು. ಕಿನ್ನಾಳದವರಿಗೆ ಅದರಿಂದ ಉಪಯೋಗ ಇಲ್ಲ. ಗೊಂಬೆ ಪ್ರದರ್ಶನದಲ್ಲಿ ಇದ್ದರೆ ಯಾರು ಬೇಕಾದರೂ ಫೋಟೋ ತೆಗೆಯುತ್ತಾರೆ. ನಾನೇ ತೆಗೆದೆನಲ್ಲ.

ಪೊಳಕಿ ಮರ — ಕಿನ್ನಾಳ

ಪಿಕ್ಸೆಲ್ ತಮ್ಮಾ, ನಿನ್ನ ಮಾತು ಅಪ್ಪನಿಗೆ ಓದಿ ಹೇಳಿದೆ. ಎಲ್ಲವನ್ನೂ ಕೇಳಿದರು. ಕೋಪ ಮಾಡಿಕೊಳ್ಳಲಿಲ್ಲ. ‘ಅವನು ನೋಡಿ ಇಷ್ಟಪಟ್ಟು ಮಾಡಿದ್ದಾನೆ. ಬಂದು ಕೇಳಿದ್ದರೆ ಹಿಂಭಾಗವನ್ನೂ ತೋರಿಸುತ್ತಿದ್ದೆ’ ಅಂದರು. ಫೋಟೋದಲ್ಲಿ ಗೊಂಬೆಯ ಹಿಂದೆ ಏನಿದೆ ಅಂತ ಕಾಣೋದಿಲ್ಲ, ಅದಕ್ಕೆ ಆ ಗರುಡನ ರೆಕ್ಕೆ ಬೆನ್ನಿಗೆ ಎಲ್ಲಿ ಸೇರಬೇಕೋ ಅಲ್ಲಿ ಸೇರಿಲ್ಲ ಅಂತ ಅವರ ಲೆಕ್ಕ.

ಲೋರಾ ತೆಗೆಯಬೇಕು ಅಂತ ನಾವು ಹೇಳೋದಿಲ್ಲ. ಆದರೆ ಕರೆಯುವ ಪದ ಬದಲಿಸು. ನಮ್ಮ ಊರಿನ ಹೆಸರು ಅದರಲ್ಲಿ ಬೇಡ. ವಿವರದಲ್ಲಿ ‘ಕಿನ್ನಾಳದ ಗೊಂಬೆಗಳ ಫೋಟೋದಿಂದ ಕಲಿಸಿದ್ದು, ಇದರಿಂದ ಬರುವುದು ಕಿನ್ನಾಳದ ಕೆಲಸ ಅಲ್ಲ’ ಅಂತ ಬರೆ. ಮಾರಾಟಕ್ಕೆ ಬಳಸಬೇಡಿ ಅಂತಲೂ ಬರೆ. ಆಗಲೇ ಇಳಿಸಿಕೊಂಡವರ ಹತ್ತಿರ ಹಳೆಯದು ಇರುತ್ತದೆ, ಅದಕ್ಕೆ ಏನೂ ಮಾಡಲು ಆಗೋದಿಲ್ಲ.

ಒಬ್ಬರ ಮನೆಯ ಗೊಂಬೆಗಳಿಂದ ಮಾತ್ರ ಲೋರಾ ಮಾಡಬೇಡಿ. ಇದನ್ನು ಎಲ್ಲರಿಗೂ ಹೇಳುತ್ತಿದ್ದೇನೆ. ಊರಿನ ರೀತಿ ಅಂತ ಒಂದು ಇದ್ದರೂ ಮನೆಮನೆಗೆ ಕೈ ಬೇರೆ. ಕಣ್ಣು ಬರೆಯುವುದರಲ್ಲೇ ಇದು ಯಾರ ಮನೆಯದು ಅಂತ ನಮಗೆ ಗೊತ್ತಾಗುತ್ತದೆ.

ತುಂಗಭದ್ರೆ ಪಿಕ್ಸೆಲ್ — ಗಂಗಾವತಿ

ಬದಲಿಸಿದೆ ಅಣ್ಣಾ. ವಿವರವನ್ನೂ ನೀವು ಹೇಳಿದ ಮಾತಲ್ಲೇ ಬರೆದೆ. ಬರುವ ಭಾನುವಾರ ಕಿನ್ನಾಳಕ್ಕೆ ಬರುತ್ತೇನೆ, ಅಪ್ಪಾಜಿ ಇರುತ್ತಾರಾ?

ಪೊಳಕಿ ಮರ — ಕಿನ್ನಾಳ

ಇರುತ್ತಾರೆ. ಊಟಕ್ಕೇ ಬಾ, ಬೆಳಿಗ್ಗೆ ಬಂದರೆ ಬಣ್ಣ ಹಚ್ಚುವುದನ್ನು ನೋಡಬಹುದು.

ಗವಿಬೆಟ್ಟ — ನಿರ್ವಾಹಕಿ

ಇಷ್ಟು ಮಾತಾದ ಮೇಲೆ ನಾನು ಬರೆದಿರುವ ಕರಡು ಇದು. ತಿದ್ದುವುದಿದ್ದರೆ ಹೇಳಿ.

ಟ್ಯಾಗ್‌ಗಳು ಎರಡು ಬಗೆ. ‘ಕೈ’ ಅಂತ ಶುರುವಾಗುವವು ಕೈಯಿಂದ ಮಾಡಿದ್ದಕ್ಕೆ. ಕೈ–ಕಿನ್ನಾಳ ಅಂದರೆ ಆ ಊರಿನ ಚಿತ್ರಗಾರರು ಮಾಡಿದ ಗೊಂಬೆಯ ಫೋಟೋ. ಕೈ–ತೊಗಲುಗೊಂಬೆ ಅಂದರೆ ಆಡಿಸುವವರ ಮನೆಯ ಗೊಂಬೆ. ‘ಮಾದರಿ’ ಅಂತ ಶುರುವಾಗುವವು ಆ ರೀತಿ ನೋಡಿ ಮಾಡಿದ್ದಕ್ಕೆ. ಸಿಂಧನೂರಿನ ತಂಗಿಯ ಸೀತೆ ಮಾದರಿ–ತೊಗಲುಗೊಂಬೆ, ಆದರೆ ಎಐ ಅಲ್ಲ. ಪಿಕ್ಸೆಲ್ ಮಾಡುವುದು ಮಾದರಿ–ಕಿನ್ನಾಳ, ಜೊತೆಗೆ ಎಐ. ಲೋರಾ ಬಳಸಿದ್ದು ಅಂತ ಗುರುತು ಹಾಕಿದರೆ ಎಐ ಟ್ಯಾಗ್ ತಾನಾಗಿಯೇ ಬರುವ ಹಾಗೆ ಮಾಡುತ್ತೇನೆ. ಮರೆತೆ ಅನ್ನುವುದಕ್ಕೆ ಜಾಗ ಇರೋದಿಲ್ಲ.

ಕಾಗುಣಿತದ ತೊಂದರೆಯೂ ಇದೆ. ನಮ್ಮ ಹಳೆಯ ಪೋಸ್ಟ್‌ಗಳಲ್ಲಿ ಕಿನ್ನಾಳ, ಕಿನ್ಹಾಳ, ಕಿನ್ನಾಳ್ ಅಂತ ಮೂರು ರೀತಿ ಇದೆ. ಇಂಗ್ಲಿಷಿನಲ್ಲಿ ಬೇರೆ ಎರಡು ರೀತಿ. ಒಂದನ್ನು ಸರಿ ಮಾಡಿದರೆ ಇನ್ನೊಂದರಲ್ಲಿ ಎಐ ಚಿತ್ರ ಉಳಿದುಕೊಳ್ಳುತ್ತದೆ. ಎಲ್ಲವನ್ನೂ ಒಂದೇ ಟ್ಯಾಗ್‌ಗೆ ಜೋಡಿಸುತ್ತೇನೆ. ಬರೀ ‘ಕಿನ್ನಾಳ’ ಅಂತ ಬರೆದರೆ ‘ಕೈಯಿಂದಲೋ, ಮಾದರಿಯೋ’ ಅಂತ ಅದೇ ಕೇಳುತ್ತದೆ.

ಬದುಕಿರುವ ಕಲಾವಿದರನ್ನು ನೋಡಿ ಮಾಡಿದ್ದಾದರೆ ಅವರ ಹೆಸರು ಟ್ಯಾಗ್‌ನಲ್ಲಿ, ಶೀರ್ಷಿಕೆಯಲ್ಲಿ ಬೇಡ. ವಿವರದಲ್ಲಿ ಬರೆಯಲೇಬೇಕು. ಅವರೇ ಬಂದು ತೆಗೆಯಿರಿ ಅಂದರೆ ತೆಗೆಯುತ್ತೇವೆ, ಕಾರಣ ಕೇಳೋದಿಲ್ಲ. ಒಬ್ಬರೇ ಕಲಾವಿದರ ಕೆಲಸದಿಂದ, ಅವರ ಒಪ್ಪಿಗೆ ಇಲ್ಲದೆ ಮಾಡಿದ ಲೋರಾ ಇಲ್ಲಿ ಹಂಚುವಂತಿಲ್ಲ. ಒಂದು ನಿರ್ದಿಷ್ಟ ಕೃತಿಯ ನಕಲು ಅನಿಸಿದರೆ ಮೂವರು ನಿರ್ವಾಹಕರು ಮೂಲವನ್ನು ಪಕ್ಕದಲ್ಲಿಟ್ಟು ನೋಡುತ್ತಾರೆ, ಇಬ್ಬರು ಹೌದು ಅಂದರೆ ತೆಗೆಯುತ್ತೇವೆ. ಎಐ ಚಿತ್ರದ ಮೂಲೆಯಲ್ಲಿ ‘ಎಐ ಚಿತ್ರ’ ಅಂತ ಇರಬೇಕು, ಫ್ಲೆಕ್ಸ್ ಅಣ್ಣ ಹೇಳಿದ ಹಾಗೆ. ಯಾರಾದರೂ ಬೆಲೆ ಕೇಳಿದರೆ ಚಿತ್ರ ಹಾಕಿದವರು ಅದೇ ದಿನ ‘ಇದು ಮಾರಾಟದ ವಸ್ತುವಲ್ಲ’ ಎಂದು ಉತ್ತರಿಸಬೇಕು. ಇಲ್ಲದಿದ್ದರೆ ನಾವು ಉತ್ತರಿಸಿ ಪೋಸ್ಟ್ ತೆಗೆಯುತ್ತೇವೆ.

ಮೊದಲ ಸಲ ತಪ್ಪಾದರೆ ಟ್ಯಾಗ್ ತಿದ್ದಿ ತಿಳಿಸುತ್ತೇವೆ, ಅಷ್ಟೇ. ಹೆಚ್ಚಿನವರಿಗೆ ಗೊತ್ತಿಲ್ಲದೇ ಆಗುತ್ತದೆ.

ಹಳೆಯ ಪೋಸ್ಟ್‌ಗಳದ್ದೇ ಈಗ ಕಷ್ಟ. ಯಾವುದು ಏನು ಅಂತ ಹಾಕಿದವರೇ ಮರೆತಿರುತ್ತಾರೆ. ಅವಕ್ಕೆ ಸದ್ಯಕ್ಕೆ ‘ಗೊತ್ತಿಲ್ಲ’ ಅಂತ ಟ್ಯಾಗ್ ಹಾಕಿ ಕಿನ್ನಾಳದ ಹುಡುಕಾಟದಿಂದ ಹೊರಗೆ ಇಡುತ್ತೇನೆ. ಯಾರಾದರೂ ಇಬ್ಬರು ಸಹಾಯಕ್ಕೆ ಬಂದರೆ ಬೇಗ ಆಗುತ್ತದೆ.

ಕಪ್ಪು ಕೋಟು — ರಾಯಚೂರು

ಚೆನ್ನಾಗಿದೆ ಮೇಡಂ. ‘ಕಿನ್ನಾಳ’ದ ಜೊತೆ ‘ಸಂಡೂರು ಲಂಬಾಣಿ’ಯನ್ನೂ ಇದೇ ರೀತಿ ಸೇರಿಸಿ. ಕಸೂತಿಯ ಹಾಗೆ ಕಾಣುವ ಎಐ ಚಿತ್ರಗಳು ಈಗಾಗಲೇ ಬಂದಿವೆ. ಸಹಾಯಕ್ಕೆ ನಾನು ಬರುತ್ತೇನೆ, ಶನಿವಾರ ಸಂಜೆ ಬಿಡುವು.

ಗೆರೆ ಮತ್ತು ಬಣ್ಣ — ಲಿಂಗಸುಗೂರು

ನಾನೂ ಬರುತ್ತೇನೆ.

ಬಳ್ಳಾರಿ ಫ್ಲೆಕ್ಸ್ — ಬಳ್ಳಾರಿ

ನಮ್ಮ ಅಂಗಡಿಯ ಗೋಡೆಗೆ ಒಂದು ಕಾಗದ ಅಂಟಿಸುತ್ತೇನೆ, ‘ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳಿಸಿ, ಎಐ ಆದರೆ ಹೇಳಿ’ ಅಂತ. ಪೊಳಕಿ ತಮ್ಮಾ, ನಿಮ್ಮ ಅಪ್ಪನ ಕೆಲಸದ ನಾಲ್ಕು ಒಳ್ಳೆಯ ಫೋಟೋ ಕೊಟ್ಟರೆ ಅದರ ಪಕ್ಕದಲ್ಲೇ ಹಾಕುತ್ತೇನೆ. ಪ್ರಿಂಟ್ ನನ್ನ ಕಡೆಯಿಂದ.

ಪೊಳಕಿ ಮರ — ಕಿನ್ನಾಳ

ಕೊಡುತ್ತೇನೆ ಅಣ್ಣಾ. ಈಗ ಒಂದು ಹಾಕುತ್ತಿದ್ದೇನೆ. ಗರುಡನ ಎಡ ರೆಕ್ಕೆ, ಕಲ್ಲಿನ ಲೇಪ ಆಗಿದೆ, ಬಣ್ಣ ಇನ್ನೂ ಇಲ್ಲ. ಬಿಳಿ ಬಿಳಿಯಾಗಿ ಕಾಣುತ್ತದೆ. ಪಕ್ಕದಲ್ಲಿ ಇರುವುದು ಅಪ್ಪನ ಕೈ. ಅಕ್ಕಾರೆ, ಹೊಸ ಟ್ಯಾಗ್ ನನ್ನ ಫೋನಿನಲ್ಲಿ ಕಾಣುತ್ತಿಲ್ಲ, ನೀವೇ ಹಾಕಿ.

ಗವಿಬೆಟ್ಟ — ನಿರ್ವಾಹಕಿ

ಹಾಕಿದೆ. ಕೈ–ಕಿನ್ನಾಳ.